ನೆಟ್ಟಗ ನಿಂದ್ರೂದೂ ಕೆಲಸನ ಐತ್ರವಾ

ಈ ಸಲ ಬನದ ಹುಣ್ಣಿವಿಗೆ ನಾವು ಸವದತ್ತಿ ಎಲ್ಲಮ್ಮನ ಗುಡ್ಡಕ್ಕ ಹೊಂಟಿದ್ವಿ. ಮನಿಯವರು, ಬೀಗರು, ಹುಡುಗರು ಎಲ್ಲಾ ಸೇರಿ ಹದಿನಾಕು ಮಂದಿ. ಮೂರು ದಿನದ ಬುತ್ತಿ ಅಂದ್ರ ಏನಂತ ನಿಮಗ ನಾ ಹೇಳೂದು ಬ್ಯಾಡ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಹೋಳಿಗಿ. ಮುಂಜಾನಿ ನಾಕಕ್ಕ ಎದ್ದು ಒಲಿ ಮುಂದ ಕುಂತಾಕಿ ಎಂಟಕ್ಕ ಹಿಟ್ಟಿನ ಡಬ್ಬಿ ತರಬೇಕಂತ ಏಳಾಕ ಹೋದೆ. ಏಳಾಕ ಆಗಲೇ ಇಲ್ಲ. ನಡದ ಎಡಗಡೆ ಯಾರೋ ಹಗ್ಗಾ ಹಾಕಿ ಜಗ್ಗಿ ಕಟ್ಟಿದಂಗಾತು. ಅರ್ಧಾ ಎದ್ದು ಹಂಗ ನಿಂತೆ, ನೆಟ್ಟಗೂ ಆಗವಲ್ದು, ಕುಂದ್ರಾಕೂ ಆಗವಲ್ದು.

ಮನ್ಯಾಗ ಎಲ್ಲಾರೂ ಓಡಿ ಬಂದ್ರು. ಅತ್ತಿಯವರು, "ಉಳುಕ ಹಿಡದೈತಿ, ಹಿಂದಿನ ಓಣ್ಯಾಗ ಕಾಲ ಮುಂದಾಗಿ ಹುಟ್ಟಿದ ಹುಡುಗ ಅದಾನ, ಅವನ ಕಡೆ ಒದಿಸ್ಕೊ" ಅಂದ್ರು. ನಮ್ಮ ಮನಿಯವರು ಗುಳಿಗಿ ತರಾಕ ಗಾಡಿ ಚಾಲೂ ಮಾಡಿದ್ರು. ಬಾಜೂಮನಿ ವೈನಿ ತಮ್ಮ ನಡದ ಬೆಲ್ಟ್ ಬಿಚ್ಚಿ ತಂದ್ರು. ಮಗಳು ಮೊಬೈಲಿನ್ಯಾಗ ಆಸನಾ ತೋರಸಾಕ ಬಂದಳು. ಎಲ್ಲಾರಿಗೂ ನನ್ನ ಮ್ಯಾಲ ಜೀವ ಐತಿ, ಇಲ್ಲ ಅನ್ನಂಗಿಲ್ಲ. ಆದ್ರ ಒಬ್ಬರರ, "ನಾಕು ತಾಸು ಏಳಲಾರದ ಒಬ್ಬಾಕಿನ ಯಾಕ ಬಡದಿ?" ಅಂತ ಕೇಳಲಿಲ್ಲ. ನಾನೂ ನನ್ನ ಕೇಳ್ಕೊಂಡಿದ್ದಿಲ್ಲ. ಅದನ್ನ ಇವತ್ತು ಕೇಳೂಣು ಅಂತ ಬರ್ಯಾಕ ಕುಂತೀನಿ. ಕುಂತೀನಿ ಅಂದ್ರ, ಅರ್ಧಾ ತಾಸಿಗೊಮ್ಮೆ ಎದ್ದು ನಿಂತಗೋತ ಬರ್ಯಾಕತ್ತೀನಿ.

ಅದಕ್ಕೂ ಮೊದಲ ನನ್ನ ಒಂದು ತಪ್ಪು ಹೇಳ್ಕೋಬೇಕು. ಹೋದ ಮಳಿಗಾಲದಾಗ ನಮ್ಮ ಹೊಲದಾಗ ಸೋಯಾದೊಳಗ ಕಸಾ ತಗಿಯಾಕ ಹೋಗಿದ್ವಿ. ಸಾಲಿನ ನಡುವ ನಮ್ಮ ಸಣ್ಣ ನೆಗೆಣ್ಣಿ ಕುರ್ಪಿ ಇಟ್ಟು ಎದ್ದು ನಿಂತು, ನಡದ ಮ್ಯಾಲ ಎರಡೂ ಕೈ ಇಟ್ಕೊಂಡು ಹಿಂದಕ್ಕ ಬಾಗಿದಳು. ನಾನು ಆ ಕಡೆ ಸಾಲಿನಿಂದ, "ಏನವಾ, ಫೋಟೋ ತಗೀಬೇಕೇನ?" ಅಂತ ಕೂಗಿದೆ. ಕೂಲಿ ಹೆಣ್ಮಕ್ಕಳೆಲ್ಲಾ ನಕ್ಕರು. ಆಕಿನೂ ನಕ್ಕಳು, ಮತ್ತ ಬಗ್ಗಿದಳು. ಸಂಜೀ ತನಕ ಮತ್ತೊಮ್ಮೆ ಎದ್ದು ನಿಲ್ಲಲಿಲ್ಲ.

ಆಮ್ಯಾಲ ಗೊತ್ತಾತು, ಆಕಿ ಯಾರಿಗೂ ಹೇಳಲಾರದ ಅಂಗಡಿಯಿಂದ ಬ್ಯಾನಿ ಗುಳಿಗಿ ತಗೊಂಡು ದಿನಾ ಎರಡು ನುಂಗಾಕತ್ತಿದ್ದಳು. ಖಾಲಿ ಹೊಟ್ಟ್ಯಾಗ, ಚಹಾದ ಜೋಡಿ. ಮೂರು ತಿಂಗಳು. ದೀಪಾವಳಿ ಹೊತ್ತಿಗೆ ಹೊಟ್ಟಿ ಉರಿ, ತಲಿ ಸುತ್ತು, ಮೈಲೆ ಹೋದ್ರ ಡಾಂಬರಿನಂಗ ಕರ್ರಗ. ದವಾಖಾನ್ಯಾಗ ದುರ್ಬೀನ್ ಹಾಕಿ ನೋಡಿ ಹೊಟ್ಟ್ಯಾಗ ಹುಣ್ಣಾಗಿ ರಕ್ತ ಸೋರಾಕತ್ತೈತಿ ಅಂದ್ರು. ಉಳಕೊಂಡಳು, ದೇವರ ಪುಣ್ಯ. ಆದ್ರ ಆಕಿ ಕಾಟಿನ ಬಾಜೂಕ ಕುಂತಾಗ ನನಗ ನೆನಪಾಗಿದ್ದು ಆ ಗುಳಿಗಿ ಅಲ್ಲ, ನನ್ನ ಫೋಟೋದ ಮಾತು. ಆಕಿ ಡುಬ್ಬಕ್ಕ ಬೇಕಾಗಿದ್ದ ಔಷಧಾ ಆಕಿ ತಾನ ತಗೋಳಾಕತ್ತಿದ್ದಳು, ಪುಕ್ಕಟೆದ್ದು. ನಾನು ನಗಿಯಾಡಿ ಬಿಡಿಸಿದ್ದೆ.

ಡುಬ್ಬ ಹಿಡಿಯೂದು ಅಂದ್ರ ಏನು? ನಾವು "ನರಾ ಹಿಡದೈತಿ" ಅಂತೀವಿ. ಭಾಳ ಸಲ ಅದು ನರಾ ಅಲ್ಲ, ಬೆನ್ನುಹುರಿಯ ಎರಡೂ ಬಾಜೂಕ ಇರೂ ಮಾಂಸಖಂಡ, ಸ್ನಾಯು ಅಂತಾರಲ್ಲ ಅದು. ನಮ್ಮ ಮೈಭಾರದ ಅರ್ಧಕ್ಕಿಂತ ಹೆಚ್ಚು ನಡದ ಮ್ಯಾಲಿನ ಭಾಗದಾಗ ಐತಿ. ನೆಟ್ಟಗ ನಿಂತಾಗ ಆ ಭಾರ ಎಲುವಿನ ಮ್ಯಾಲ ಎಲುವು ಕುಂತು ಸರಳ ಕೆಳಗ ಇಳೀತೈತಿ. ಮುಂದಕ್ಕ ಬಗ್ಗಿದಾಗ ಆ ಎಲ್ಲಾ ಭಾರ ಹಿಂದಿನಿಂದ ಜಗ್ಗಿ ಹಿಡಿಯೂದು ಈ ಸ್ನಾಯುಗಳ ಪಾಲಿಗೆ ಬರ್ತೈತಿ. ಕೆಲಸಾ ಮಾಡೂ ಸ್ನಾಯು ಬಿಗಿದು ಸಡಿಲಾಗಬೇಕು, ಬಿಗಿದು ಸಡಿಲಾಗಬೇಕು. ಸಡಿಲಾದಾಗ ಅದಕ್ಕ ರಕ್ತ ಹರೀತೈತಿ. ತಾಸುಗಟ್ಟಲೆ ಬಿಗಿದ ಹಿಡಿದ್ರ ರಕ್ತ ಸರಿಯಾಗಿ ಹರಿಯಂಗಿಲ್ಲ, ಸ್ನಾಯು ದಣೀತೈತಿ, ನೋಯ್ತೈತಿ. ನೋಯ್ತಂತ ಮೈ ಅದನ್ನ ಕಾಯಾಕ ಇನ್ನಷ್ಟು ಬಿಗೀತೈತಿ. ತುಂಬಿದ ಕೊಡ ಎತ್ತಿ ಕೈ ಮುಂದ ಚಾಚಿ ಹಿಡಕೊಂಡು ನಿಂದ್ರಿ ನೋಡ್ರಿ, ಎರಡು ನಿಮಿಷದಾಗ ಕೈ ನಡಗತೈತಿ. ಡುಬ್ಬ ಹಂಗ ನಾಕು ತಾಸು ಹಿಡಕೊಂಡಿರ್ತೈತಿ, ಪಾಪ. ಕಾಣಂಗಿಲ್ಲ, ಅಷ್ಟ.

ನಮ್ಮ ನಾಕೂ ಕಡೆ ಬೀಗರು ಅದಾರ. ಕಿತ್ತೂರ ಅಕ್ಕನ ಕಡೆ ಮಳಿ ಜಾಸ್ತಿ, ಭತ್ತದ ನಾಟಿ ಅಂತ ದಿನಾಪೂರ್ತಿ ರಾಡ್ಯಾಗ ಬಗ್ಗಿರ್ತಾಳ. ರಾಮದುರ್ಗದ ಚಿಗವ್ವನ ಮನ್ಯಾಗ ಮಗ್ಗ ಐತಿ. ಕಾಕಾ ನೇಯ್ತಾರ, ಚಿಗವ್ವ ಕಂಡಿಕಿ ಸುತ್ತತಾಳ. "ಕುಂತು ಮಾಡೂ ಹಗರ ಕೆಲಸ" ಅಂತ ಎಲ್ಲಾರೂ ಅಂತಾರ. ಒಂದು ಕೈ ರಾಟಿ ತಿರುವತೈತಿ, ಒಂದು ಕೈ ಎಳಿ ಹಿಡೀತೈತಿ, ಕುತಗಿ ಎಳಿ ಮ್ಯಾಲ ಬಗ್ಗೇ ಇರ್ತೈತಿ. ಆಕಿಗೆ ಹೆಗಲಿನ ನಡುವ ಸೂಜಿ ಚುಚ್ಚಿದಂಗ ಆಗ್ತೈತಂತ. ಸವದತ್ತಿ ನಾದಿನಿ ಜಾತ್ರಿ ಹೊತ್ತಿನ್ಯಾಗ ರಾತ್ರಿ ಹನ್ನೆರಡರ ತನಕ ಜಂಪರ್ ಹೊಲೀತಾಳ. ಇನ್ನ ನಮ್ಮ ಬೈಲಹೊಂಗಲ ಕಡೆ ಹೇಳೂದ ಬ್ಯಾಡ, ಸೋಯಾ, ಹತ್ತಿ, ಕಡ್ಲಿ, ಕಬ್ಬು, ಮನ್ಯಾಗ ಎಮ್ಮಿ.

ಕೆಲಸಾ ಬ್ಯಾರೆ ಬ್ಯಾರೆ, ಮೈ ಬಗ್ಗೂ ಆಕಾರ ಒಂದ. ಕಸಾ ಹೊಡಿಯೂದು, ಭಾಂಡೆ ತಿಕ್ಕೂದು, ಅರಬಿ ಒಗಿಯೂದು, ಹಿಂಡೂದು, ಸಾರಸೂದು, ರೊಟ್ಟಿ ಬಡಿಯೂದು, ಕೂಸಿನ ಎತ್ತೂದು, ಎಲ್ಲಾ ಮುಂದಕ್ಕ ಬಗ್ಗಿ. ಹಿಂದಕ್ಕ ಬಾಗಿ ಮಾಡೂ ಕೆಲಸಾ ಒಂದು ಹೇಳ್ರಿ ನೋಡೂಣು. ಜಂತಿಗೆ ಹತ್ತಿದ ಜಾಡು ಹೊಡಿಯೂದು ಒಂದ ಐತಿ, ಅದೂ ಹಬ್ಬಕ್ಕೊಮ್ಮೆ.

"ನಾವು ದಿನಾ ಮೈಮುರದು ದುಡೀತೀವಿ, ನಮಗ್ಯಾಕ ವ್ಯಾಯಾಮ? ಅದು ಬೆಂಗಳೂರಾಗ ಕುರ್ಚಿ ಮ್ಯಾಲ ಕುಂದ್ರಾವ್ರಿಗೆ" ಅಂತ ನಾನೂ ಮಗಳಿಗೆ ಬೈದಿದ್ದೆ. ಈಗ ತಿಳೀತು. ದುಡಿಮಿ ಬ್ಯಾರೆ, ವ್ಯಾಯಾಮ ಬ್ಯಾರೆ. ದುಡಿಮಿ ಒಂದ ದಿಕ್ಕಿಗೆ ಜಗ್ಗತೈತಿ. ಮೈಗೆ ಬೇಕಾಗಿದ್ದು ಅದರ ಉಲ್ಟಾ ದಿಕ್ಕು. ಅದಕ್ಕ ಚಾಪಿ ಬ್ಯಾಡ, ಬ್ಯಾರೆ ಡ್ರೆಸ್ ಬ್ಯಾಡ, ಮುಂಜಾನಿ ಐದರ ಕ್ಲಾಸೂ ಬ್ಯಾಡ. ನಮ್ಮ ನೆಗೆಣ್ಣಿ ಹೊಲದಾಗ ಮಾಡಿದ್ದ ಮೊದಲನೇದು. ಕಾಲು ಸ್ವಲ್ಪ ಅಗಲ ಮಾಡಿ ನಿಂತು, ನಡದ ಮ್ಯಾಲ ಅಂಗೈ ಇಟ್ಟು, ಉಸಿರು ಬಿಟಗೋತ ಹಿಂದಕ್ಕ ಬಾಗೂದು. ಐದಾರು ಸಲ. ಅರ್ಧಾ ತಾಸಿಗೊಮ್ಮೆ ಮಾಡಿದ್ರ ಒಂದು ನಿಮಿಷಾನೂ ಹಿಡಿಯಂಗಿಲ್ಲ. ತಲಿ ತಿರಗೂ ವಯಸ್ಸಾದವರು ಗ್ವಾಡಿ ಹಿಡಕೊಂಡು ಮಾಡ್ರಿ.

ಎರಡನೇದು ಬೆಕ್ಕು ಮೈಮುರದಂಗ. ಮೊಣಕಾಲು, ಅಂಗೈ ಊರಿ, ಡುಬ್ಬ ಮ್ಯಾಲಕ್ಕ ಕಮಾನು ಮಾಡೂದು, ಆಮ್ಯಾಲ ಸಾವಕಾಶ ಕೆಳಗ ಇಳಸೂದು, ಹತ್ತು ಸಲ. ಮೂರನೇದು ಅಂಗಾತ ಮಲಗಿ ಒಂದೊಂದ ಮೊಣಕಾಲು ಎದಿ ಕಡೆ ತಂದು ಹಿಡಕೊಳ್ಳೂದು. ನಾಕನೇದು, ಮೊಣಕಾಲು ಮಡಚಿ ಅಂಗಾತ ಮಲಗಿ, ಪಾದ ಊರಿ ಕುಂಡಿ ಮ್ಯಾಲಕ್ಕ ಎತ್ತೂದು. ಇದರಿಂದ ನಡಕ್ಕ ಆಸರ ಕೊಡೂ ಹಿಂದಿನ ಸ್ನಾಯು ಗಟ್ಟಿ ಆಗ್ತಾವ. ಮಾಡೂ ಮುಂದ ಸ್ವಲ್ಪ ಜಗ್ಗಿದಂಗ ಆಗಬೇಕು, ಚಳುಕು ಹೊಡೀಬಾರದು. ಹೊಡದ್ರ ಅಲ್ಲೇ ಬಿಡ್ರಿ. ಎಲ್ಲಾಕ್ಕಿಂತ ಚಲೋದು ನಡಿಯೂದು. ಸಂಜೀಮುಂದ ಗುಡಿ ತನಕ ಹೋಗಿ ಬರ್ರಿ, ಖಾಲಿ ಕೈಲೆ. ಕೊಡ ಹೊತ್ತು ಅಲ್ಲ.

ನಮ್ಮ ಹಿರ್ಯಾರ ಮದ್ದು ತಪ್ಪಂತ ನಾ ಅನ್ನಂಗಿಲ್ಲ. ಬಾಣಂತಿಗೆ ಎಣ್ಣಿ ತಿಕ್ಕಿ ಬಿಸಿನೀರು ಹುಯ್ಯೂದು, ಉಪ್ಪು ಹುರದು ಗಂಟು ಕಟ್ಟಿ ಶಾಖಾ ಕೊಡೂದು, ಔಡಲೆಣ್ಣಿ ಹಚ್ಚಿ ಸಾವಕಾಶ ತಿಕ್ಕೂದು, ಇವೆಲ್ಲಾ ಬಿಗಿದ ಸ್ನಾಯು ಸಡಿಲ ಮಾಡ್ತಾವ. ಕಾಲು ತಾಸು ಶಾಖಾ ಕೊಟ್ಟು, ಸಡಿಲಾದಾಗ ಆ ಬೆಕ್ಕಿನ ಆಟಾ ಮಾಡಿದ್ರ ನನಗ ಭಾಳ ಆರಾಮ ಅನಸ್ತು. ಶಾಖಾ ಕೊಡೂ ಮುಂದ ಮುಂಗೈ ಮ್ಯಾಲ ಇಟ್ಟು ನೋಡ್ರಿ. ಸಕ್ಕರಿ ಬ್ಯಾನಿ ಇದ್ದವರಿಗೆ ಸುಟ್ಟಿದ್ದು ಲಗೂನ ತಿಳಿಯಂಗಿಲ್ಲ. ಆದ್ರ ಒದಿಸ್ಕೊಳ್ಳೂದು, ಲಟಕ್ಕಂತ ಮುರಿಸ್ಕೊಳ್ಳೂದು, ಮೊಮ್ಮಗನ್ನ ಡುಬ್ಬದ ಮ್ಯಾಲ ನಡಿಸೂದು, ಇವನ್ನ ಬಿಡ್ರಿ. ಮುಟ್ಟು ನಿಂತ ಮ್ಯಾಲ ನಮ್ಮ ಎಲುವು ಸವೀತಾವ. ಸವದ ಎಲುವಿಗೆ ಒಂದು ಒದಿ ಭಾಳಾತು. ಅತ್ತಿಯವರಿಗೆ ಇದನ್ನ ಹೇಳಿದಾಗ ಸಿಟ್ಟಿಗೆದ್ರು. ಆಮ್ಯಾಲ ಅವರ ಕಾಲಾಗೂ ಬಿಸಿ ಉಪ್ಪಿನ ಗಂಟಿಗೆನ ಹೆಚ್ಚು ಮಾನ ಇತ್ತಂತ ಅವರ ಒಪ್ಪಿದ್ರು.

ಬೆಲ್ಟಿನ ಮಾತೂ ಹೇಳಬೇಕು, ಯಾಕಂದ್ರ ನಮ್ಮ ಓಣ್ಯಾಗ ಐದು ಮನ್ಯಾಗ ಅದು ಗೂಟಕ್ಕ ಜೋತು ಬಿದ್ದೈತಿ. 2023ರ ಡಿಸೆಂಬರದಾಗ ವಿಶ್ವ ಆರೋಗ್ಯ ಸಂಸ್ಥೆ ಭಾಳ ದಿನದ ನಡಾ ನೋವಿಗೆ ಏನು ಮಾಡಬೇಕು, ಏನು ಬ್ಯಾಡ ಅಂತ ಸಲಹೆ ಹೊರಗ ಹಾಕಿತು. ತಿಳಿಸಿ ಹೇಳೂದು, ವ್ಯಾಯಾಮ, ಮಸಾಜು ಇವು ಬೇಕು ಅನ್ನೂ ಯಾದಿಯೊಳಗ ಅದಾವ. ಬೆಲ್ಟ್ ಮತ್ತು ತೂಕಾ ಕಟ್ಟಿ ಜಗ್ಗೂದು ರೂಢಿಗೆ ಬ್ಯಾಡ ಅನ್ನೂ ಯಾದಿಯೊಳಗ. ಅವರ ಲೆಕ್ಕದಾಗ 2020ರಲ್ಲಿ ಜಗತ್ತಿನ್ಯಾಗ 61 ಕೋಟಿ 90 ಲಕ್ಷ ಮಂದಿಗೆ ನಡಾ ನೋವು ಇತ್ತು, ಹದಿಮೂರು ಮಂದಿಗೆ ಒಬ್ಬರು. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಹಾಸಿಗಿ ಹಿಡದು ಮಲಗೂದೂ ಮದ್ದಲ್ಲ. ಒಂದೆರಡು ದಿನ ಹಗರ ಇರ್ರಿ, ಆಮ್ಯಾಲ ಸಾವಕಾಶ ಅಡ್ಡಾಡ್ರಿ. ಮಲಗಿದಷ್ಟೂ ಸ್ನಾಯು ಸೋಲ್ತಾವ. ಗುಳಿಗಿ ಬೇಕಾದ್ರ ಡಾಕ್ಟರು ಹೇಳಿದಷ್ಟ, ಊಟಾ ಆದ ಮ್ಯಾಲ, ಹೇಳಿದಷ್ಟ ದಿನಾ. ಬಿ.ಪಿ., ಕಿಡ್ನಿ ತ್ರಾಸ ಇದ್ದವರು ಅದನ್ನ ಮೊದಲ ಅವರಿಗೆ ಹೇಳ್ರಿ.

ಇಷ್ಟೆಲ್ಲಾ ಹೇಳಿದ್ರೂ ಖರೇ ಮಾತು ಇನ್ನ ಉಳಕೊಂಡೈತಿ. ಹಿಂದಕ್ಕ ಬಾಗೂದು ಯಾರಿಗೆ ಬರಂಗಿಲ್ಲ? ಎಲ್ಲಾರಿಗೂ ಬರ್ತೈತಿ. ಮೈ ತಾನ ಕಲಸ್ತೈತಿ. ಆದ್ರ ನಾವು ಬಾಗಂಗಿಲ್ಲ, ಯಾಕಂದ್ರ ನೋಡಾವ್ರು ಅದಾರ. ಹೊಲದಾಗ ಎದ್ದು ನಿಂತಾಕಿ ಕಳ್ಳಾಟಾ ಆಡ್ತಾಳ. ಮನ್ಯಾಗ ಕಸಬರಿಗಿ ಇಟ್ಟು ನಿಂತಾಕಿಗೆ "ಏನ ನೋಡ್ಕೋತ ನಿಂತಿ?" ಬಗ್ಗಿದ್ರ ಕೆಲಸ, ನೆಟ್ಟಗ ನಿಂತ್ರ ಸೋಮಾರಿತನ. ಈ ಲೆಕ್ಕಾ ಯಾರು ಹಾಕಿದ್ರೋ ಗೊತ್ತಿಲ್ಲ, ಹೆಚ್ಚಿಗಿ ನಡಸ್ಕೊಂಡು ಬಂದಾವ್ರು ಮಾತ್ರ ನಾವ ಹೆಂಗಸರು, ನನ್ನ ಹಿಡದು.

ಇದು ನಮ್ಮ ಕಡೆ ಅಷ್ಟ ಅಲ್ಲಂತ ಓದಿ ನನಗ ಆಶ್ಚರ್ಯ ಆತು. ಅಮೇರಿಕಾದ ಕ್ಯಾಲಿಫೋರ್ನಿಯಾದಾಗ ಸೊಪ್ಪಿನ ಹೊಲದಾಗ ಕೂಲಿ ಮಾಡಾವ್ರಿಗೆ, ಹೆಚ್ಚಿನವರು ಮೆಕ್ಸಿಕೋ ಕಡೆಯವರು, ಗಿಡ್ಡ ಹಿಡಿಕಿ ಗುದ್ದಲಿ ಕೊಡ್ತಿದ್ರಂತ. ಅವರ ಭಾಷಾದಾಗ ಅದಕ್ಕ "ಎಲ್ ಕೊರ್ತಿತೊ", ಅಂದ್ರ ಗಿಡ್ಡಂದು. ನಮ್ಮ ಕುರ್ಪಿಯಂಗ ಅದರ ಕೆಲಸಾನೂ ಬಗ್ಗೇ ಮಾಡಬೇಕು. ಉದ್ದ ಹಿಡಿಕಿ ಕೊಟ್ರ ಪೀಕು ಹಾಳಾಗ್ತೈತಿ ಅಂತ ಮಾಲಕರು ವಾದಾ ಮಾಡಿದ್ರು. ಇನ್ನೊಂದು ಒಳಗಿನ ಕಾರಣಾನೂ ಇತ್ತು. ಗಿಡ್ಡ ಗುದ್ದಲಿ ಇದ್ರ ಯಾರು ನೆಟ್ಟಗ ನಿಂತಾರ ಅಂತ ಮುಕಾದಮಗ ದೂರಿಂದ ಕಾಣ್ತಿತ್ತು! ಕೂಲಿಕಾರರು ಕೋರ್ಟಿಗೆ ಹೋದ್ರು, ಡಾಕ್ಟರು ಬಂದು ಡುಬ್ಬ ಹೆಂಗ ಹಾಳಾಗ್ತೈತಿ ಅಂತ ಹೇಳಿದ್ರು. 1975ರಾಗ ಆ ಗಿಡ್ಡ ಗುದ್ದಲಿ ಬಂದ್ ಆತು. ಪೀಕೇನು ನಿಂತು ಹೋಗಲಿಲ್ಲ, ಕ್ಯಾಲಿಫೋರ್ನಿಯಾದಾಗ ಇವತ್ತಿಗೂ ಸೊಪ್ಪು ಬೆಳೀತಾರ.

ಅವರಿಗೆ ಎಣ್ಣಿ ಹಚ್ಚಿ ಆರಾಮ ಆಗಲಿಲ್ಲ, ಹಿಡಿಕಿ ಉದ್ದ ಆದಾಗ ಆರಾಮ ಆತು. ನಾವೂ ಅದನ್ನ ಕೇಳಬೇಕು. ನಿಂತು ಕಸಾ ತಗಿಯೂ ಉದ್ದ ಹಿಡಿಕಿ ಎಡಿ, ಸೈಕಲ್ ಗಾಲಿ ಎಡಿ ಪ್ಯಾಟ್ಯಾಗ ಬಂದಾವ. ಧಾರವಾಡ ಕೃಷಿ ಮೇಳಕ್ಕ ಪ್ರತಿ ವರ್ಷ ಗಂಡಸರು ಹೋಗಿ ಟ್ರ್ಯಾಕ್ಟರ್ ನೋಡಿ ಬರ್ತಾರ. ಮುಂದಿನ ಸಲ ನಾವೂ ಹೋಗೂಣು, ಬಸ್ಸಿನ ಚೀಟಿ ಹೆಂಗೂ ಪುಕ್ಕಟೆ ಐತಿ. ಸಾಲು ಅಗಲ ಇದ್ದಲ್ಲೆ ಎಡಿ ನಡೀತೈತಿ, ಗಿಡದ ಬುಡಕ್ಕ ಮಾತ್ರ ಕುರ್ಪಿ ಬೇಕು. ಅರ್ಧಾ ಕೆಲಸಾ ನಿಂತು ಆದ್ರೂ ಅರ್ಧಾ ಡುಬ್ಬ ಉಳೀತೈತಿ.

ಮನ್ಯಾಗ ನಾನು ಏನೇನು ಬದಲ ಮಾಡೀನಿ ಹೇಳ್ತೀನಿ. ರೊಟ್ಟಿ ಒಲಿ ನೆಲದಿಂದ ಕಟ್ಟಿ ಮ್ಯಾಲ ಬಂತು. "ನಿಂತು ಬಡದ್ರ ರೊಟ್ಟಿ ಹಿಗ್ಗಂಗಿಲ್ಲ" ಅಂತ ಅತ್ತಿಯವರು ಅಂದ್ರು. ಅವರ ಮಾತು ಅರ್ಧಾ ಖರೇನ ಇತ್ತು. ಮೊದಲನೇ ವಾರ ರೊಟ್ಟಿ ಎಲ್ಲಾ ನಕಾಶೆ ಆದ್ವು. ಆಮ್ಯಾಲ ತಿಳೀತು, ಕಟ್ಟಿ ನನಗ ಎತ್ತರ ಆಗಿತ್ತು. ಹಿಟ್ಟು ನಾದೂ, ಬಡಿಯೂ ಜಾಗಾ ನಮ್ಮ ಮೊಣಕೈಗಿಂತ ನಾಕು ಬೆರಳಿಂದ ಒಂದು ಗೇಣಿನ ತನಕ ಕೆಳಗ ಇರಬೇಕು. ಅಂದ್ರ ಮೈಭಾರ ಕೈಗೆ ಸಿಗ್ತೈತಿ, ಹೆಗಲು ಮ್ಯಾಲ ಏರಂಗಿಲ್ಲ. ಕಾಲ ಕೆಳಗ ಒಂದು ಅಗಲ ಹಲಗಿ ಹಾಕ್ಕೊಂಡೆ, ರೊಟ್ಟಿ ದುಂಡಗಾದ್ವು. ನಿಂದ್ರಾಕ ಆಗಲಾರದ ಅತ್ತಿಯವರಿಗೆ ಒಂದು ಎತ್ತರ ಸ್ಟೂಲು. ಕಸಬರಿಗಿಗೆ ಬಿದರಿನ ಉದ್ದ ಕೋಲು ಕಟ್ಟೀನಿ. ಹಿಟ್ಟಿನ ಡಬ್ಬಿ, ಅಕ್ಕಿ ಡಬ್ಬಿ ನೆಲದಿಂದ ಎತ್ತಿ ನಡದ ಎತ್ತರಕ್ಕ ಇಟ್ಟೀನಿ. ದೊಡ್ಡ ಕೊಡ ಒಂದ ತರೂ ಬದಲಿ ಸಣ್ಣವು ಎರಡು, ಎರಡೂ ಕೈಯಾಗ. ಏನ ಎತ್ತಿದ್ರೂ ಮೊಣಕಾಲು ಬಗ್ಗಿಸಿ, ಮೈಗೆ ಹತ್ತಿಸ್ಕೊಂಡು. ತುಂಬಿದ ಗ್ಯಾಸ್ ಸಿಲಿಂಡರ್ ಹತ್ತಹತ್ರ 30 ಕಿಲೋ ಇರ್ತೈತಿ. ಅದನ್ನ ಮುಟ್ಟೂದು ಬಿಟ್ಟೀನಿ, ಮಗಗ ಇಪ್ಪತ್ತು ವರ್ಷ ಆಗ್ಯಾವ.

ರೊಕ್ಕಾ ಎಲ್ಲಿಂದ ಅಂತ ಕೇಳಬ್ಯಾಡ್ರಿ. 2023ರ ಆಗಸ್ಟದಾಗ ಚಾಲೂ ಆದ ಗೃಹಲಕ್ಷ್ಮಿ ರೊಕ್ಕಾ, ತಿಂಗಳಿಗೆ 2000, ಮನಿ ಯಜಮಾನಿ ಹೆಸರಿಗೆ ಬರ್ತೈತಿ. ನಾವು ಅದನ್ನ ಹುಡುಗರ ಫೀಸಿಗೆ, ಸಂಘದ ಕಂತಿಗೆ, ಬೀಗರ ಆಹೇರಿಗೆ ಹಾಕ್ತೀವಿ. ಒಂದು ತಿಂಗಳದ್ದು ನಮ್ಮ ಡುಬ್ಬಕ್ಕ ಹಾಕೂಣು. ಗುಳಿಗಿಗೆ, ಬೆಲ್ಟಿಗೆ, ಸೂಜಿಗೆ ಹೋಗೂದಕ್ಕಿಂತ ಹಲಗಿಗೆ, ಸ್ಟೂಲಿಗೆ ಹೋದ್ರ ಚಲೋ.

ಆದ್ರ ಎಲ್ಲಾ ನೋವು ಸ್ನಾಯುದ್ದ ಅಂತ ಕುಂದ್ರಬ್ಯಾಡ್ರಿ. ನಡಾ ನೋವಿನ ಜೋಡಿ ಉಚ್ಚಿ ಬರೂದು ನಿಂತ್ರ, ಇಲ್ಲಾ ತಿಳೀಲಾರದ ಹೋದ್ರ, ಕುಂದ್ರೂ ಜಾಗಾ ಜೋಮು ಹಿಡದ್ರ, ಕಾಲಿನ ಶಕ್ತಿ ಕಡಿಮಿ ಆದ್ರ ಅವತ್ತ ದೊಡ್ಡ ದವಾಖಾನಿಗೆ ಹೋಗ್ರಿ, ನಾಳಿ ಅನಬ್ಯಾಡ್ರಿ. ಜ್ವರಾ ಇದ್ರ, ಮೈ ಇಳದ್ರ, ರಾತ್ರಿ ಮಲಗಿದ್ರೂ ನೋವು ಹೆಚ್ಚಾದ್ರ, ವಯಸ್ಸಾದವರು ಜಾರಿ ಬಿದ್ದ ಮ್ಯಾಲ ನೋವು ಬಂದ್ರ ಲಗೂನ ತೋರಸ್ರಿ. ಆರು ವಾರ ಆದ್ರೂ ಕಡಿಮಿ ಆಗಲಿಲ್ಲಂದ್ರೂ ತೋರಸ್ರಿ. ಇವನ್ನ ನಾಚಿಕಿ ಮಾಡ್ಕೊಂಡು ಮುಚ್ಚಿಡೂ ಹೆಂಗಸರು ನಮ್ಮೊಳಗ ಭಾಳ ಅದಾರ. ನಮ್ಮ ನೆಗೆಣ್ಣಿನೂ ಮುಚ್ಚಿಟ್ಟಿದ್ದಳು.

ಭಾರತ ಹುಣ್ಣಿವಿಗೆ ಮತ್ತ ಗುಡ್ಡಕ್ಕ ಬುತ್ತಿ ಕಟ್ಟೂದು ಬಂತು. ಈ ಸಲ ನಾಕು ಮಂದಿ ಪಾಳಿ ಹಚ್ಚಿದ್ವಿ. ನಾನು, ನೆಗೆಣ್ಣಿ, ಮಗಳು, ಇನ್ನ ಹಂಚಿನ ಮ್ಯಾಲ ರೊಟ್ಟಿ ತಿರುವಾಕ ಮಗ. ಮಗ ಮೂರು ರೊಟ್ಟಿ ಸುಟ್ಟ, ಸುಟ್ಟಿದ್ದು ಅವನಿಗೇ ಹಚ್ಚಿದ್ವಿ. ನಡುವ ನೆಗೆಣ್ಣಿ ಎದ್ದು ನಡದ ಮ್ಯಾಲ ಕೈ ಇಟ್ಟಳು, ಇಟ್ಟಾಕಿ ನನ್ನ ಮಾರಿ ನೋಡಿದಳು. ನಾನೂ ಲಟ್ಟಣಗಿ ಇಟ್ಟು ಆಕಿ ಬಾಜೂಕ ನಿಂತು ಹಿಂದಕ್ಕ ಬಾಗಿದೆ. ಅತ್ತಿಯವರು ಸ್ಟೂಲಿನ ಮ್ಯಾಲ ಕುಂತು ನೋಡಿದ್ರು, ಏನೂ ಅನಲಿಲ್ಲ.

ಅಷ್ಟ ಸಾಕ್ರವಾ. ನಾಳಿ ನಿಮ್ಮ ಮನ್ಯಾಗ, ನಿಮ್ಮ ಹೊಲದಾಗ ಯಾರರ ಕೆಲಸಾ ಬಿಟ್ಟು ನೆಟ್ಟಗ ನಿಂತ್ರ "ಯಾಕ ನಿಂತಿ" ಅನಬ್ಯಾಡ್ರಿ. ನೀವೂ ಒಂದು ನಿಮಿಷ ನಿಂದ್ರಿ. ಹಂಗ ನಿಮ್ಮ ಅಡಗಿಮನಿ ಕಟ್ಟಿ ನಿಮ್ಮ ಮೊಣಕೈಗಿಂತ ಎಷ್ಟು ಕೆಳಗ ಐತಿ ಅಂತ ಅಳದು ನೋಡ್ರಿ, ಸಿಕ್ಕಾಗ ನನಗ ಹೇಳ್ರಿ.